ಎಂಟು ತಿಂಗಳು ಬೈಸಿಕೊಂಡವನು

ಸೀರಿಯಲ್ಲಿನ ಸೊಸೆ ಸೂಟ್‌ಕೇಸ್ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಹಿನ್ನೆಲೆಯಲ್ಲಿ ಒಂದು ಕೊಳಲು ಕೇಳಿಸಿತು. ಒಂಬತ್ತೇ ಸೆಕೆಂಡು. ಜಡ್ಜಮ್ಮನ ಕೈಯಲ್ಲಿದ್ದ ಚಹಾದ ಲೋಟ ಬಾಯಿಯವರೆಗೂ ಬಂದು ಅಲ್ಲೇ ನಿಂತಿತು.

"ಏನೇ, ದೆವ್ವ ಕಂಡೋರ ಹಾಗೆ ನಿಂತ್ಬಿಟ್ಟೆ?" ಎಂದಳು ಚಿಕ್ಕಮ್ಮ, ಟಿವಿಯಿಂದ ಕಣ್ಣು ಕೀಳದೆ. "ಅವಳೇನೂ ಮನೆ ಬಿಟ್ಟು ಹೋಗಲ್ಲ. ಗೇಟಿನ ಹತ್ರ ತಲೆಸುತ್ತಿ ಬೀಳ್ತಾಳೆ, ನೋಡ್ತಿರು."

ಸೊಸೆ ಗೇಟಿನ ಹತ್ತಿರ ತಲೆಸುತ್ತಿ ಬಿದ್ದಳು, ಪಾತ್ರೆ ಉರುಳಿದ ಸದ್ದಿನೊಂದಿಗೆ. ಜಡ್ಜಮ್ಮ ಅದನ್ನು ನೋಡಲೇ ಇಲ್ಲ. ಆ ಕೊಳಲು ಅವಳಿಗೆ ಬಾಯಿಪಾಠವಾಗಿತ್ತು. ಮೂರು ವಾರದ ಹಿಂದೆ ಲೇಟಪ್ಪ ಅದನ್ನು ಒಗಟಾಗಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ.

ಗ್ರೂಪಿನ ಹೆಸರು 'ಸ್ವರಾನೂ ಸೊಸೇನೂ'. ನಲವತ್ತೆರಡು ಜನ. ಬೆಳಿಗ್ಗೆ ಹಾಡಿನ ಒಗಟು: ತುಣುಕು ಕೇಳಿ, ಯಾವ ಹಾಡು, ಯಾವ ವಾದ್ಯ, ಯಾವ ರಾಗ ಎಂದು ಹೇಳಬೇಕು. ಸಂಜೆ 'ಎರಡು ಬಾಗಿಲ ಮನೆ' ಸೀರಿಯಲ್ಲಿನ ಪೋಸ್ಟ್‌ಮಾರ್ಟಮ್. ಗ್ರೂಪು ಕಟ್ಟಿದವಳೂ ಅವಳೇ, ಏಳು ನಿಯಮ ಬರೆದವಳೂ ಅವಳೇ. ಯಾರು ತಪ್ಪಿದರೂ ಮುಲಾಜಿಲ್ಲದೆ ಅಂಕ ಕಳೆಯುತ್ತಿದ್ದುದರಿಂದ ಜಡ್ಜಮ್ಮ ಎಂಬ ಹೆಸರು ಬಂತು. ಹಗಲಿಡೀ ಲ್ಯಾಬಿನಲ್ಲಿ ಕೂತು ಪರರ ಬಾಯಿಗೆ ಹಲ್ಲಿನ ಸೆಟ್ ಮಾಡುವವಳು ಕೂದಲೆಳೆಯಷ್ಟು ಹೆಚ್ಚುಕಮ್ಮಿಯೂ ಸಹಿಸುತ್ತಿರಲಿಲ್ಲ.

ಲೇಟಪ್ಪ ಸದಾ ಬೇರೆಯವರು ಉತ್ತರ ಕೊಟ್ಟ ಮೇಲೆ ಬರುವವನು. "ಅಯ್ಯೋ, ನಾನೂ ಅದೇ ಅಂದ್ಕೊಂಡಿದ್ದೆ!" ಎಂಬುದು ಅವನ ನಿತ್ಯದ ಮಾತು. ಆ ಪೆದ್ದುತನಕ್ಕೇ ಅವಳು ಮೊದಲು ನಕ್ಕಿದ್ದು. ಆಮೇಲೆ ಇಬ್ಬರ ಮಾತು ಗ್ರೂಪಿನಿಂದಾಚೆಗೂ ಹರಿಯಿತು. ಎಂಟು ತಿಂಗಳಾಯಿತು. ಅವನ ಧ್ವನಿಯ ಮೆಸೇಜು ಬಂದರೆ ಅವಳು ಗ್ರೈಂಡರ್ ಯಂತ್ರ ನಿಲ್ಲಿಸಿ, ಕೈಯ ಪ್ಲಾಸ್ಟರ್ ಪುಡಿ ಒರೆಸಿಕೊಂಡು, ಕಿಟಕಿಯ ಹತ್ತಿರ ಹೋಗಿ ಕೇಳುತ್ತಿದ್ದಳು. ಬರುವ ಶನಿವಾರ ಮೊದಲ ಸಲ ಭೇಟಿಯಾಗುವುದೆಂದು ಮಾತಾಗಿತ್ತು. ಅದಕ್ಕಾಗಿ ಅವಳು ಚಪ್ಪಲಿ ಕೂಡ ಕೊಂಡಿದ್ದಳು.

ಆ ಕೊಳಲಿನ ಒಗಟನ್ನು ಯಾರೂ ಬಿಡಿಸಿರಲಿಲ್ಲ. ಸಂಜೆಗೆ ಅವನೇ, "ಬಿಟ್ಬಿಡಿ, ತಪ್ಪು ಫೈಲ್ ಹಾಕಿದೆ" ಎಂದಿದ್ದ. ಜಡ್ಜಮ್ಮ ಬಿಡುವವಳೇ? ಹನ್ನೊಂದು ದಿನ ಹುಡುಕಿದ್ದಳು.

ಹುಡುಕಿದರೆ ಸಿಗುವುದಾದರೂ ಹೇಗೆ? ಅದು ಆಗ ಲೋಕಕ್ಕೇ ಬಂದಿರಲಿಲ್ಲ. ಇವತ್ತು ಪ್ರಸಾರವಾದದ್ದು ಮೂರು ವಾರದ ಹಿಂದೆಯೇ ಅವನ ಫೋನಿನಲ್ಲಿತ್ತು ಅಂದಮೇಲೆ ಅದನ್ನು ಮಾಡಿದವನು ಅವನೇ. ದಿನಾ ಸಂಜೆ ಅವಳು ಬಾಯಿಗೆ ಬಂದಂತೆ ಬೈಯುತ್ತಿದ್ದ ಆ ಹಿನ್ನೆಲೆ ಸಂಗೀತದವನು! 'ಈತನಿಗೆ ಎಲ್ಲೋ ಒಂದು ತಗಡು ಸಿಕ್ಕಿದೆ, ಬಡಿಯೋಕೆ' ಎಂದು ಬರೆದಾಗ ಅದಕ್ಕೆ ನಗುವ ಮುಖ ಹಾಕಿದ್ದವನು!

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಆಗ ಆ ಉರಿಯೂ ಆರಿಹೋಯಿತು.

ಅಪ್ಪ ಹೋದ ದಿನ ಮನೆಯಲ್ಲಿ ಯಾರೂ ಅಳಲಿಲ್ಲವೆಂದು, ಫ್ರಿಜ್ಜಿನ ಗುಂಯ್‌ಗುಟ್ಟುವ ಸದ್ದೊಂದೇ ಇತ್ತೆಂದು ಅವಳು ಒಮ್ಮೆ ಲೇಟಪ್ಪನಿಗೆ ಹೇಳಿದ್ದಳು. ಚಿಕ್ಕಮ್ಮನಿಗೂ ಹೇಳಿರದ ಮಾತು. ತಿಂಗಳು ಕಳೆದ ಮೇಲೆ ಸೀರಿಯಲ್ಲಿನಲ್ಲಿ ಮಾವ ತೀರಿಕೊಂಡರು. ಪಿಟೀಲಿಲ್ಲ, ತಗಡಿಲ್ಲ. ಖಾಲಿ ಅಡುಗೆಮನೆ, ಫ್ರಿಜ್ಜಿನ ಸದ್ದು. ಅವಳು ಬಿಕ್ಕಿಬಿಕ್ಕಿ ಅತ್ತಿದ್ದಳು. ಜಗತ್ತಿನಲ್ಲಿ ಇನ್ಯಾರಿಗೋ ಈ ಸದ್ದು ಗೊತ್ತಿದೆ, ನಾನೊಬ್ಬಳೇ ಅಲ್ಲ ಎಂದು.

ಇನ್ಯಾರಿಗೂ ಗೊತ್ತಿರಲಿಲ್ಲ. ಅದು ಅವಳದೇ ಸದ್ದು.

ಫೋನು ತೆಗೆದಳು.

"ಆ ಕೊಳಲು ನಿಮ್ಮದಾ?"

ಈ ಸಲ ಲೇಟಪ್ಪ ತಡಮಾಡಲಿಲ್ಲ. "ಹೌದು."

"ಫ್ರಿಜ್ಜು?"

ಟೈಪ್ ಮಾಡುತ್ತಿದ್ದಾನೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. "ಅದೂ."

"ನಾಚಿಕೆ ಆಗಲ್ವಾ ನಿಂಗೆ?" ಎಂದು ಬರೆದಳು. ಎಂಟು ತಿಂಗಳ 'ನೀವು' ಒಂದೇ ಏಟಿಗೆ ಮುರಿದುಬಿತ್ತು.

"ಆಗುತ್ತೆ. ನಾಳೆ ಮಧ್ಯಾಹ್ನ ಸ್ಟುಡಿಯೋದಲ್ಲಿರ್ತೀನಿ. ಬೈಯೋದಿದ್ರೆ ಎದುರಿಗೇ ಬಂದು ಬೈಯಿರಿ." ಕೆಳಗೆ ವಿಳಾಸ.

ಮರುದಿನ ಜಡ್ಜಮ್ಮ ಒಬ್ಬ ಅಜ್ಜಿಯ ಮೇಲ್ದವಡೆಯ ಸೆಟ್ಟಿನ ಮೇಣದ ಅಚ್ಚಿಗೆ ಎಡಗಡೆಯ ಹಲ್ಲುಗಳನ್ನು ಬಲಗಡೆಗೆ ಕೂರಿಸಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಲ್ಯಾಬಿನ ಯಜಮಾನರು ಅದನ್ನು ತಿರುಗಿಸಿ ನೋಡಿ, "ಏನಮ್ಮಾ, ಅಜ್ಜಿ ಮೇಲೆ ಯಾಕಿಷ್ಟು ಸಿಟ್ಟು?" ಎಂದರು.

"ಅಜ್ಜಿ ಮೇಲಲ್ಲ ಸಾರ್. ಅರ್ಧ ದಿನ ರಜೆ ಬೇಕು."

ಹಳೆಯ ಚಪ್ಪಲಿಯಲ್ಲೇ ಹೋದಳು. ಹೊಸದನ್ನು ಮೆಟ್ಟುವಷ್ಟು ಮರ್ಯಾದೆ ಅವನಿಗೇಕೆ?

ಸ್ಟೇಷನರಿ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಗೆಲ್ಲ ಸ್ಪಂಜು, ಮೇಜಿನ ತುಂಬ ವೈರು, ಪರದೆಯ ಮೇಲೆ, ಇವತ್ತಿನ ಕಂತಿನ ಮೊದಲಿಗೆ ಮತ್ತೆ ತೋರಿಸಲೆಂದು, ತಲೆಸುತ್ತಿ ಬೀಳುತ್ತ ನಡುವೆಯೇ ನಿಂತುಹೋದ ಸೊಸೆ. ಅವನು ಎದ್ದುನಿಂತ. ಅವಳು ಊಹಿಸಿದ್ದಕ್ಕಿಂತ ಎತ್ತರ. ಕಿವಿಯ ಮೇಲೆ ಹೆಡ್‌ಫೋನ್ ಒತ್ತಿ ಒತ್ತಿ ಕೂದಲು ಅಲ್ಲೇ ಚಪ್ಪಟೆಯಾಗಿತ್ತು. ಕಣ್ಣು ಮಾತ್ರ ಧ್ವನಿಯ ಹಾಗೆಯೇ ಇತ್ತು, ಅವಸರವೇ ಇಲ್ಲದ ಕಣ್ಣು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಕೋಪ ಬಂತು.

"ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಒಗಟೆಲ್ಲ ನಿಮಗೆ ಗೊತ್ತಿತ್ತು, ಅಲ್ವಾ?" ಎದುರಿಗೆ ಬಂದೊಡನೆ 'ನೀವು' ತಾನಾಗಿ ಮರಳಿತ್ತು.

"ಹೆಚ್ಚುಕಮ್ಮಿ ಎಲ್ಲ."

"ಮತ್ತೆ ಆ ಪೆದ್ದನ ನಾಟಕ?"

"ಬೇಗ ಹೇಳಿದ್ರೆ ಆಟ ಮುಗಿದುಹೋಗ್ತಿತ್ತು. ನೀವು ಒದ್ದಾಡೋದು ಓದೋಕೆ ಚೆನ್ನಾಗಿರ್ತಿತ್ತು."

"ಆಹಾ! ನಾನು ಒದ್ದಾಡ್ಬೇಕು, ನೀವು ಕೂತು ಮಜಾ ತಗೋಬೇಕು! ಸೀರಿಯಲ್ ಬಗ್ಗೆ ಜನ ಏನಂತಾರೆ ಅಂತ ಬಿಟ್ಟಿಯಾಗಿ ತಿಳ್ಕೊಳ್ಳೋಕೆ ನಾನೊಬ್ಬಳು ಸಿಕ್ಕಿದ್ದೆ, ಅಲ್ವಾ? ನಾನು ಮಾತಾಡ್ತಾ ಹೋದೆ, ನೀವು ಬರ್ಕೊಳ್ತಾ ಹೋದ್ರಿ. ನಮ್ಮಪ್ಪನ ಸಾವೂ ನಿಮಗೆ ಸಾಮಾನಾಯ್ತು." ಅವಳು ಖಾಲಿ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿದಳು. "ಎಂಟು ತಿಂಗಳು ನಾನು ಮಾತಾಡಿದ್ದು ಯಾರ ಹತ್ರ? ಅದೊಂದು ಹೇಳಿ, ಹೊರಟುಹೋಗ್ತೀನಿ."

ಅವನು ಮೇಜಿನ ಅಂಚು ಹಿಡಿದುಕೊಂಡ.

"ಆ ದೃಶ್ಯಕ್ಕೆ ಮೂರು ಪಿಟೀಲು ಹಾಕಿ ಮುಗಿಸಿದ್ದೆ. ಕಳಿಸೋ ಮುಂಚೆ ಒಂದ್ಸಲ ಕೇಳಿದೆ. ನೀವು ಹೇಳಿದ್ದು ನೆನಪಾಯ್ತು. ಪಿಟೀಲೆಲ್ಲ ಸುಳ್ಳು ಅನ್ನಿಸ್ತು, ತೆಗೆದ್ಬಿಟ್ಟೆ."

"ನನ್ನನ್ನ ಕೇಳ್ಬೇಕಿತ್ತು."

"ಕೇಳ್ಬೇಕಿತ್ತು." ಮುಂದೆ 'ಆದರೆ' ಬರುತ್ತದೆಂದು ಅವಳು ಕಾದಳು. ಬರಲಿಲ್ಲ. "ತಪ್ಪು ನಂದೇ. ಕೇಳಿದ್ರೆ ನಾನ್ಯಾರು ಅಂತ ಹೇಳ್ಬೇಕಾಗ್ತಿತ್ತು. ಹೇಳಿದ್ರೆ ನೀವು ಬೈಯೋದು ನಿಲ್ಲಿಸ್ತಿದ್ರಿ."

"ಬೈಸಿಕೊಳ್ಳೋದು ಅಷ್ಟು ಇಷ್ಟಾನಾ?"

"ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಚಾನೆಲ್‌ನೋರು 'ಚೆನ್ನಾಗಿದೆ, ಕಳಿಸಿ' ಅಂತಾರೆ, ಅಷ್ಟೇ. ಕೇಳಿಸ್ಕೊಂಡೇ ಇರಲ್ಲ. ನಮ್ಮಮ್ಮ ಕೂಡ ಸೀರಿಯಲ್ಲಲ್ಲಿ ಮಾತು ಮಾತ್ರ ಕೇಳ್ತಾರೆ. ಇಷ್ಟು ದಿನದಲ್ಲಿ ಕಿವಿಗೊಟ್ಟು ಕೇಳಿದೋರು ನೀವೊಬ್ರೇ." ಅವನು ಮೊದಲ ಸಲ ಅವಳ ಮುಖ ನೇರವಾಗಿ ನೋಡಿದ. "ಮೊದಲು ನಿಮ್ಮ ಬೈಗುಳಕ್ಕೆ ಕಾಯ್ತಿದ್ದೆ. ಆಮೇಲೆ ನಿಮಗೇ ಕಾಯೋಕೆ ಶುರುಮಾಡಿದೆ."

ಕೋಣೆಯ ನಾಲ್ಕೂ ಗೋಡೆಯ ಸ್ಪಂಜು ಆ ಮಾತನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಂಡಿತು. ಅವಳ ಕಿವಿ ಬೆಚ್ಚಗಾಯಿತು. ಹಾಗೆಂದು ಸಿಟ್ಟನ್ನು ಇಷ್ಟು ಸುಲಭಕ್ಕೆ ಬಿಟ್ಟುಕೊಡುವವಳು ಅವಳಲ್ಲ.

"ಸಿಹಿಮಾತು ಸಾಕು. ಗ್ರೂಪಲ್ಲಿ ಎಲ್ಲರೆದುರು ಒಪ್ಕೊಳ್ಳಿ, ನಾನೇ ಆ ಸಂಗೀತದವನು ಅಂತ. ಈಗಲೇ. ಅವರೂ ಬೈಯಲಿ."

ಅವನು ಫೋನು ತೆಗೆದು ಬರೆದ. ಕಳಿಸಿದ. ಬರುವ ಉತ್ತರಗಳನ್ನು ಓದಲೆಂದೇ ಅವಳು ಖಾಲಿ ಕುರ್ಚಿಯಲ್ಲಿ ಕೂತಳು.

ನಿಮಿಷದೊಳಗೆ ಗ್ರೂಪಿನಲ್ಲಿ ಕೋಲಾಹಲ. 'ಮೋಸಗಾರ!' ಎಂದಳು ಶಾಲೆಯ ಟೀಚರ್. ಸರಿ, ಆಗಲಿ. 'ನನ್ನ ತಲೆನೋವಿನ ಔಷಧಿಗೆ ಯಾರಪ್ಪಾ ಹೊಣೆ?' ಎಂದರು ರಿಟೈರ್ಡ್ ಅಂಕಲ್. ಇರಲಿ. ಟ್ಯಾಕ್ಸಿಯವನು ಬರೆದ: 'ಮಾವ ಸತ್ತಾಗ ಮ್ಯೂಸಿಕ್ಕೇ ಇರ್ಲಿಲ್ಲ. ಅವತ್ತು ಸೋಮಾರಿ ನಿದ್ದೆ ಹೊಡೀತಿದ್ದ ಅನ್ಸುತ್ತೆ.'

ಜಡ್ಜಮ್ಮ ದಿಗ್ಗನೆ ಎದ್ದಳು.

"ಇವನಿಗೇನು ಗೊತ್ತು? ಕಿವಿಗೆ ಹತ್ತಿ ಇಟ್ಕೊಂಡು ನೋಡ್ತಾನಾ? ಅಂಥದ್ದೊಂದು ದೃಶ್ಯ ಇವನ ಜನ್ಮದಲ್ಲಿ..." ಹೇಳುತ್ತಲೇ ಬೆರಳು ಓಡುತ್ತಿತ್ತು. ಆ ಮೌನ ಯಾಕೆ ಬೇಕಿತ್ತು, ಸಾವಿನ ಮನೆಯಲ್ಲಿ ಏನು ಕೇಳಿಸುತ್ತದೆ, ಆ ದೃಶ್ಯ ಈ ಸೀರಿಯಲ್ಲಿನ ಮಾನ ಹೇಗೆ ಉಳಿಸಿತು ಎಂದು ನಾಲ್ಕು ಮೆಸೇಜು ಜಡಿದಳು. ಕೊನೆಗೆ, 'ಬಾಯಿಗೆ ಬಂದದ್ದು ಬರೆದರೆ ಹತ್ತು ಅಂಕ ಕಟ್' ಎಂದೂ ಸೇರಿಸಿದಳು.

"ನೀವೇ ತಾನೆ ಬೈಯಲಿ ಅಂದಿದ್ದು?" ಎಂದ ಅವನು, ಮೆಲ್ಲಗೆ.

"ನಾನು ಬೈಯೋದು ಬೇರೆ! ಕಂಡಕಂಡೋರೆಲ್ಲ ಬೈಯೋಕೆ ಇವರ್ಯಾರು?"

ಫೋನು ಮತ್ತೆ ಗುಂಯ್‌ಗುಟ್ಟಿತು. ಟೀಚರ್ ಕೇಳಿದ್ದಳು: 'ಅಲ್ಲಾ ಜಡ್ಜಮ್ಮಾ, ದಿನಾ ಬೈತಿದ್ದೋರು ನೀವೇ. ಈಗ ಇಷ್ಟ್ಯಾಕೆ ಸಿಟ್ಟು? ಅವರು ನಿಮಗೇನಾಗ್ಬೇಕು?'

ಅವಳ ಬೆರಳು ನಿಂತಿತು. ಓರೆಗಣ್ಣಿನಿಂದ ಅವನತ್ತ ನೋಡಿದಳು. ಅದೇ ಪ್ರಶ್ನೆಯನ್ನು ಅವನೂ ತನ್ನ ಫೋನಿನಲ್ಲಿ ಓದುತ್ತಿದ್ದ, ತಲೆ ಎತ್ತುವ ಧೈರ್ಯವಿಲ್ಲದೆ.

ಅವಳು ಒಂದೇ ಪದ ಬರೆದಳು. ಒತ್ತಿದಳು.

ಅವನ ಫೋನಿನಲ್ಲಿ ಬೆಳಕು ಮೂಡಿತು. 'ನಮ್ಮವರು.'

ಅವನು ಅದನ್ನು ಒಮ್ಮೆ ಓದಿದ, ಎರಡು ಸಲ ಓದಿದ. ಕತ್ತಿನಿಂದ ಹೊರಟ ಕೆಂಪು ಬಣ್ಣ ಚಪ್ಪಟೆ ಕೂದಲಿನ ಬುಡದವರೆಗೂ ಏರಿತು.

"ತಪ್ಪಾಗಿ ಕಳಿಸಿದ್ರೆ ಅಳಿಸಬಹುದು..." ಎಂದ.

"ತಪ್ಪು ಫೈಲ್ ಕಳಿಸೋ ಅಭ್ಯಾಸ ನಿಂದು, ನಂದಲ್ಲ." ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ, ಅವನ ಮೊಣಕೈ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಹಾಗೇ ನೋಡ್ತಾ ಕೂರ್ಬೇಡ. ನಿನ್ನೆ ಆ ಸೊಸೆ ಬೀಳೋ ಜಾಗದಲ್ಲಿ ಕೇಳಿಸ್ತಲ್ಲ, ಏನದು, ಪಾತ್ರೆ ಉರುಳಿದ ಸದ್ದು? ಮೊದಲು ಅದನ್ನ ತೆಗಿ."