ಒಣಗಿದ ಮೇಲೆ ಬೈಯಿರಿ

"ಇಳೀರಿ ಕೆಳಗೆ. ಈಗ್ಲೇ ಇಳೀರಿ."

ಬೆಳಿಗ್ಗೆ ಬಾಗಿಲು ತೆಗೆದ ಎನ್‌ಕಾರ್ನಿಗೆ ಕಂಡದ್ದು ತನ್ನ ಗೋಡೆಗೆ ಒರಗಿಸಿದ ಏಣಿ, ಅದರ ಮೇಲೊಬ್ಬ ಅಪರಿಚಿತ, ಅವನ ಕೈಯಲ್ಲಿ ಸುಣ್ಣದ ಕುಂಚ. ಗೋಡೆ ಮುಕ್ಕಾಲು ಬಳಿದಾಗಿತ್ತು.

ಆ ಗೋಡೆಯನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಅದರ ಮೇಲಿದ್ದದ್ದು ಅಮ್ಮ ಕಾಂದೇಲಾ ಬಳಿದ ಕೊನೆಯ ಸುಣ್ಣ. ಅಮ್ಮ ತೀರಿಹೋಗಿ ಹತ್ತು ತಿಂಗಳಾಗಿತ್ತು. ಊರಹಬ್ಬಕ್ಕೆಂದು ಬೀದಿಯ ಮನೆಗಳೆಲ್ಲ ಬೆಳ್ಳಗೆ ಸಿಂಗರಿಸಿಕೊಂಡಿದ್ದರೂ ಇವಳದೊಂದು ಮಾತ್ರ ಮಳೆಯ ಕಲೆ ಹೊತ್ತು ಮಂಕಾಗಿ ನಿಂತಿತ್ತು.

"ಬಳಿಸೇ ಮಹರಾಯ್ತಿ, ಬೀದಿಗೇ ಒಂದು ಹಲ್ಲು ಬಿದ್ದಂಗೆ ಕಾಣುತ್ತೆ," ಎಂದು ಎದುರುಮನೆಯ ಫ್ರಾಸ್ಕೀತಜ್ಜಿ ದಿನಕ್ಕೆರಡು ಸಲ ಗೊಣಗುತ್ತಿದ್ದಳು.

ಬಳಿಯುವುದಾದರೂ ಹೇಗೆ? ಅಮ್ಮ ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸುತ್ತಿದ್ದಳು. ಬೆಟ್ಟದ ಮೇಲಿನ ಆ ಊರಿನಲ್ಲಿ ಅಂಥ ಬಿಳುಪು ಬೇರೆ ಯಾರ ಗೋಡೆಗೂ ಇರಲಿಲ್ಲ. ಅಳತೆ ಕಲಿತುಕೋ ಎಂದಾಗಲೆಲ್ಲ ಎನ್‌ಕಾರ್ನಿ, "ಮುಂದಿನ ವರ್ಷ, ಅಮ್ಮಾ," ಅಂದಿದ್ದಳು.

ಆ ಮುಂದಿನ ವರ್ಷ ಬಂದಿತ್ತು... ಅಮ್ಮ ಇರಲಿಲ್ಲ.

ಅವನು ಇಳಿದು ಬಂದ. ರೆಪ್ಪೆಯ ಮೇಲೂ ಸುಣ್ಣದ ಹನಿ.

"ಯಾರನ್ನ ಕೇಳಿ ಬಳಿದ್ರಿ?"

"ನಿಮ್ಮಮ್ಮ ಹೇಳಿದ್ರು."

"ಸತ್ತೋರ ಹೆಸರಲ್ಲಿ ಸುಳ್ಳು ಹೇಳ್ತೀರಾ?" ಅವಳು ಗೋಡೆಯತ್ತ ಕೈ ಮಾಡಿದಳು. "ನೋಡಿ, ಪಾತ್ರೆ ತೊಳೆದ ನೀರಿನ ಥರ ಇದೆ. ಇದ್ದ ಒಂದು ಗುರುತನ್ನೂ ಅಳಿಸಿಹಾಕಿಬಿಟ್ರಲ್ಲ..."

"ಒಣಗಲಿ," ಅಂದ ಅವನು ಮೆಲ್ಲಗೆ. "ಆಮೇಲೆ ಬೈಯಿರಿ, ಎಷ್ಟು ಬೇಕಾದ್ರೂ."

ಹಸಿ ಸುಣ್ಣ ಬೂದುಬಣ್ಣಕ್ಕಿರುತ್ತದೆ, ಒಣಗಿದ ಮೇಲೆಯೇ ಬೆಳ್ಳಗಾಗುತ್ತದೆ ಎಂಬುದು ಅವಳಿಗೂ ಗೊತ್ತಿದ್ದದ್ದೇ. ಸಿಟ್ಟಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ? ಧಡಾರನೆ ಬಾಗಿಲು ಹಾಕಿಕೊಂಡು ಒಳಗೆ ಕೂತು ಅತ್ತಳು. ಹೊರಗೆ ಕುಂಚದ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತುಹೋಯಿತು.

ಮಧ್ಯಾಹ್ನ ಅಜ್ಜಿಯ ಕೂಗು. "ಎನ್‌ಕಾರ್ನೀ, ಹೊರಗೆ ಬಂದು ನೋಡೇ."

ಬಿಸಿಲಿಗೆ ಗೋಡೆ ಪೂರ್ತಿ ಒಣಗಿತ್ತು. ಕಂಡೂ ಕಾಣದಂಥ ನೀಲಿಯ ಆ ಬಿಳುಪು... ಅಮ್ಮನದೇ. ಎನ್‌ಕಾರ್ನಿ ಗೋಡೆಗೆ ಅಂಗೈ ಒತ್ತಿ ನಿಂತುಬಿಟ್ಟಳು.

"ಬಾಯಿ ಬಿಡಬೇಡ ಅಂದಿದ್ಲು ನಿಮ್ಮಮ್ಮ," ಅಂದಳು ಅಜ್ಜಿ. "ಹೋದ ವರ್ಷ ಅವಳಿಗೆ ಕೈ ಎತ್ತೋಕೂ ಆಗ್ತಿರಲಿಲ್ಲ ಕಣೇ. ನೀನು ಕೆಳಗೆ ಸಮುದ್ರದ ದಡದ ಹೋಟೆಲಿಗೆ ಕೆಲಸಕ್ಕೆ ಹೋದ್ಮೇಲೆ, ಪಕ್ಕದ ಊರಿನ ಈ ಅಮದೋರ್ ಬಂದು ಬಳೀತಿದ್ದ. ಅವಳು ಕುರ್ಚಿ ಹಾಕ್ಕೊಂಡು ಕೂತು, ನೀಲಿ ಅಳತೆ ಹೇಳ್ಕೊಟ್ಟು, ಅಲ್ಲಿ ಬಿಟ್ಟೆ ಇಲ್ಲಿ ಬಿಟ್ಟೆ ಅಂತ ಅವನ ಜೀವ ತಿಂತಿದ್ಲು."

ಹಾಗಾದರೆ ಇಷ್ಟು ತಿಂಗಳು ತಾನು ಕಾದದ್ದು ಅವನ ಕೈಕೆಲಸವನ್ನೇ! ಎನ್‌ಕಾರ್ನಿ ಮೆಟ್ಟಿಲ ಬೀದಿಯನ್ನು ಒಂದೇ ಉಸಿರಿಗೆ ಇಳಿದಳು.

ಅವನು ನೀರಿನ ತೊಟ್ಟಿಯ ಹತ್ತಿರ ಕುಂಚ ತೊಳೆಯುತ್ತಿದ್ದ.

"ಒಣಗಿತು," ಅಂದಳು ಏದುಸಿರು ಬಿಡುತ್ತ.

"ಹಾಗಾದ್ರೆ ಬೈಯಿರಿ."

"ಬಳಿದದ್ದು ನೀವು ಅಂತ ಹೋದ ವರ್ಷಾನೇ ಯಾಕೆ ಹೇಳಲಿಲ್ಲ?"

ಅಮದೋರ್ ಕುಂಚವನ್ನು ಪಕ್ಕಕ್ಕಿಟ್ಟ. "ಬಳಿದು ಮುಗಿಸಿದ ದಿನ ಸಂಜೆ ನಾನು ಪಕ್ಕದ ಮನೆ ಮಾಳಿಗೆ ಬಳೀತಿದ್ದೆ. ನೀವು ಕೆಲಸದಿಂದ ಬಂದು ಗೋಡೆ ಸವರಿ, 'ಅಮ್ಮಾ, ಎಷ್ಟ್ ಚೆನ್ನಾಗಿ ಬಳಿದಿದೀಯ' ಅಂದ್ರಿ. ನಿಮ್ಮಮ್ಮನ ಮುಖ ಅರಳಿತು. ಅದನ್ನ ಕಿತ್ಕೊಳ್ಳೋಕೆ ಮನಸ್ಸು ಬರಲಿಲ್ಲ. 'ಮುಂದಿನ ವರ್ಷ ನಾನಿಲ್ದಿದ್ರೂ ಬಂದು ಬಳಿ' ಅಂದಿದ್ರು ಅವರು, ಬಂದೆ." ಅವಳತ್ತ ತಿರುಗಿ ಹೇಳಿದ, "ಅವರು ಹೇಳದಿದ್ರೂ ಬರ್ತಿದ್ದೆ. ಆ ಸಂಜೆಯಿಂದ ನಿಮ್ಮನ್ನ ಪ್ರೀತಿಸ್ತಿದೀನಿ, ಎನ್‌ಕಾರ್ನಿ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಇಷ್ಟು ತಿಂಗಳು ನಾನು ಒಬ್ಬಂಟಿ ಅಂದುಕೊಂಡಿದ್ದೆನಲ್ಲ...

"ನೀಲಿ ಅಳತೆ ಹೇಳಿ," ಅಂದಳು.

"ಹೇಳಿಬಿಟ್ರೆ ಆಮೇಲೆ ನನ್ನ ಯಾಕೆ ಕರೀತೀರ?"

ಸುಣ್ಣಕ್ಕೆ ಬಿರುಕುಬಿಟ್ಟಿದ್ದ ಅವನ ಅಂಗೈಯನ್ನು ಅವಳು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. "ಹೇಳು. ಆಮೇಲೂ ಕರೀತೀನಿ. ಏಣಿ ನಾನೇ ಹಿಡ್ಕೋತೀನಿ."

"ಒಂದು ಬಕೆಟ್ಟಿಗೆ ಮೂರು ಚಿಟಿಕೆ."

"ಅಷ್ಟೇನಾ?"

"ಅಷ್ಟೇ. ಇಷ್ಟು ಕಲಿಯೋಕೆ ನೀನು ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ದೆಯಂತೆ."

ಎನ್‌ಕಾರ್ನಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಇನ್ಮೇಲೆ ಯಾವುದನ್ನೂ ಮುಂದಿನ ವರ್ಷಕ್ಕೆ ಇಡಲ್ಲ. ನಡಿ ಮನೆಗೆ, ಊಟ ಇಬ್ಬರಿಗೆ ಆಗುತ್ತೆ."