ಹಣೆಯ ಮೇಲಿನ ಎರಡು ತಂತಿ

ಯಾರ ಕೈಗೂ ಒರೆಸಲು ಬಿಡದಿದ್ದ ವಿಭೂತಿಯನ್ನು ಪಂಚಾಕ್ಷರಪ್ಪನ ಸ್ವಂತ ಬೆವರೇ ತೊಳೆದುಹಾಕಿತ್ತು.

ಹರಿಹರದಲ್ಲಿ ಅಕ್ಕಿ ಗಿರಣಿಯ ಹಿರಿಯ ಸಾಹುಕಾರ. ದನಿ ಎತ್ತಿದರೆ ಆಚೆ ಬೀದಿಯ ನಾಯಿ ಬಾಲ ಮುದುರಬೇಕು, ಅಂಥವನು. ಮಧ್ಯಾಹ್ನ ಮಗ ಶಿವಯೋಗಪ್ಪ ಊಟಕ್ಕೆಂದು ಮನೆಗೆ ಬಂದರೆ ಅಪ್ಪ ಪಡಸಾಲೆಯ ಮಂಚದ ಕಾಲಿಗೆ ಒರಗಿ ಬಿದ್ದಿದ್ದಾನೆ. ಅಂಗಿ ಹೊಳೆಯಲ್ಲಿ ಅದ್ದಿ ತೆಗೆದಂತಿದೆ. ಕಣ್ಣು ತೆರೆದಿದೆ, ನೋಟವಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತು. ಡಾಕ್ಟರು ರಕ್ತ ಪರೀಕ್ಷಿಸಿ ತಲೆಯಾಡಿಸಿದರು — ಸಕ್ಕರೆ ಪಾತಾಳಕ್ಕಿಳಿದಿದೆ, ಸಕ್ಕರೆ ಕಾಯಿಲೆಯ ಗುಳಿಗೆ ಮಿತಿಮೀರಿ ಒಳಗೆ ಹೋಗಿದೆ.

ಗೋಡೆಯ ಗೂಡಿನಲ್ಲಿ ಗುಳಿಗೆಯ ಹಾಳೆ ಸಿಕ್ಕಿತು. ಹಿಂದಿನ ದಿನ ಸಂಜೆ ತಂದದ್ದು. ಒಂದೂ ಉಳಿದಿರಲಿಲ್ಲ.

ಗುಳಿಗೆ ಕೊಡುವ ಕೆಲಸ ಯಾರದು? ಮನೆಯಾಳು ತಿಪ್ಪೇಶನದು. ಶಿವಯೋಗಪ್ಪ ಹಿಂದೆ ಮುಂದೆ ನೋಡಲಿಲ್ಲ. ಬಾಗಿಲ ಅಗುಳಿ ಹಿರಿದು ಬಾರಿಸಿದ. ‘ಒಂದೇ ಕೊಟ್ಟಿದ್ದು ಅಣ್ಣಾರೇ’ ಎಂದು ಅವನು ಕೂಗುತ್ತಿದ್ದಂತೆ ಬಲಗೈ ಲಟಕ್ಕನೆ ಮುರಿಯಿತು. ಅಂಗಳದ ತುಂಬ ಜನ ಇದ್ದರು. ‘ಬ್ಯಾಡ’ ಎಂದವರು ಒಬ್ಬರಿಲ್ಲ.

ಆ ಮೇಲೆ ಯಾರಿಗೋ ನೆನಪಾಯಿತು — ಮುಂಜಾನೆ ಇನ್ನೊಬ್ಬ ಬಂದಿದ್ದನಲ್ಲ? ಮಿದುಳಿಗೆ ತಂತಿ ಹಚ್ಚುವ ಡಾಕ್ಟರ್ ನಾಗಭೂಷಣ್?

ನಾಗಭೂಷಣನ ಕೋಣೆ ರೈಲ್ವೆ ಸ್ಟೇಷನ್ ಹತ್ತಿರ ಒಂದು ಮಹಡಿಯ ಮೇಲೆ. ಮಾರನೆಯ ದಿನ ಆ ಮೆಟ್ಟಿಲನ್ನು ಒಬ್ಬ ದಪ್ಪ ಮನುಷ್ಯ ಏದುಸಿರು ಬಿಡುತ್ತ ಹತ್ತಿ ಬಂದ. ದಾವಣಗೆರೆಯ ನಿಟ್ಟುವಳ್ಳಿಯ ಕೊಟ್ಟೂರೇಶ್. ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು, ಸತ್ತವನ ಹೆಂಡತಿ ದ್ರಾಕ್ಷಾಯಣಮ್ಮನಿಗೆ ದೊಡ್ಡಪ್ಪನ ಮಗ. ಕೈಯಲ್ಲಿ ಮಂಡಕ್ಕಿಯ ಪೊಟ್ಟಣ. ಕೂಡ್ರಿ ಅನ್ನುವ ಮೊದಲೇ ಕೂತ.

“ಕೊಂದೋರು ನೀವೇ ಏನ್ರೀ?”

ನಾಗಭೂಷಣ ಪೆನ್ನು ಕೆಳಗಿಟ್ಟ.

“ನಾನ್ಯಾಕೆ ಕೊಲ್ಲಲಿ ಸರ್?”

“ಯಾಕ ಅನ್ನೋದು ಆಮ್ಯಾಲೆ. ಮುಂಜಾನೆ ಅವರ ಮನೆಗೆ ಯಾಕ ಹೋಗಿದ್ರಿ?”

“ಇನ್ನೊಂದ್ ಸಲ ಪರೀಕ್ಷೆಗೆ ಬರ್ರಿ ಅಂತ ಕರೆಯಾಕೆ. ಮಾತಾಡಿದೆ, ಎದ್ದು ಬಂದೆ.”

“ಎಂಥ ಪರೀಕ್ಷೆ?”

ನಾಗಭೂಷಣ ಹೇಳಿದ. ತಾಲ್ಲೂಕಿನ ವಯಸ್ಸಾದವರನ್ನು ಕರೆತಂದು ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ದಾಖಲಿಸುವುದು, ನೆನಪಿನ ಪರೀಕ್ಷೆ ಮಾಡುವುದು. ಅದಲ್ಲ ಅವನ ಹೆಮ್ಮೆ. ಕೂಡಿಸಿದ್ದನ್ನೆಲ್ಲ ಅವನು ಪುಕ್ಕಟೆ ಹಂಚುತ್ತಿದ್ದ. ಹೆಸರು ಕಿತ್ತು, ನಂಬರು ಹಾಕಿ, ಸಿ.ಡಿ.ಗೆ ತುಂಬಿ, ಹೊಸದಾಗಿ ಬಂದ ಇಂಟರ್‌ನೆಟ್ಟಿಗೂ ಏರಿಸಿ — ಯಾರು ಬೇಕಾದರೂ ತಗಳ್ರಿ! ಒಬ್ಬನ ಬೀರುವಿನಲ್ಲಿ ಗೆದ್ದಲು ತಿನ್ನುವ ಬದಲು ಲೋಕದ ವಿದ್ವಾಂಸರೆಲ್ಲ ನೋಡಲಿ. ದೊಡ್ಡ ದೊಡ್ಡ ಪ್ರೊಫೆಸರುಗಳೇ ಬಚ್ಚಿಟ್ಟುಕೊಳ್ಳುವ ಕಾಲದಲ್ಲಿ ಈ ಹುಚ್ಚು. ಈಗ ಕೊಲೆಗಾರ ಎಂಬ ಮಾತು ಅಂಟಿತೆಂದರೆ ಜೈಲಂತೂ ಸರಿಯೇ, ಇನ್ನೊಬ್ಬ ಮುದುಕ ಈ ಮೆಟ್ಟಿಲು ಹತ್ತುವುದಿಲ್ಲ.

ಕೊಟ್ಟೂರೇಶ್ ಅತ್ತಿತ್ತ ನೋಡಿದ. ಯಂತ್ರದ ಪಕ್ಕದಲ್ಲಿ ಒಂದು ವಿಭೂತಿ ಗಟ್ಟಿ.

“ಇದೇನ್ರೀ, ಯಂತ್ರಕ್ಕೂ ದೀಕ್ಷೆ ಆಗೈತಾ?”

“ಅಲ್ಲ ಸರ್. ಹಣೆ ಮ್ಯಾಲೆ ಎರಡು ತಂತಿ ಅಂಟಿಸ್ಬೇಕು. ವಿಭೂತಿ ಇದ್ರೆ ಅಂಟಲ್ಲ, ಒರೆಸ್ತೀವಿ. ಮುಗಿದ ಮ್ಯಾಲೆ ಬರಿ ಹಣೇಲಿ ಹೆಂಗೆ ಕಳಿಸೋದು? ಅದಕ್ಕೇ ಇಟ್ಟೀನಿ. ಹಚ್ಚಿಕೊಂಡು ಹೋಗ್ತಾರೆ.”

“ಎಲ್ಲಾರೂ ಒರೆಸಾಕೆ ಬಿಟ್ರಾ?”

“ಒಬ್ಬರು ಬಿಡ್ಲಿಲ್ಲ. ತಲೆ ಹೋದ್ರೂ ವಿಭೂತಿ ಮುಟ್ಟಬ್ಯಾಡ ಅಂದ್ರು. ಆ ಎರಡು ತಂತಿ ಹಾಕದೇ ಮಾಡಿದೆ.”

ಕೊಟ್ಟೂರೇಶ್ ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ.

“ಈಗ ನನ್ನ ಮಾತು ಕೇಳ್ರಿ. ತಿಪ್ಪೇಶನ್ನ ನೋಡ್ಕೊಂಡು ಬಂದೆ. ಕೈಗೆ ದಬ್ಬೆ ಕಟ್ಟಿಸ್ಕೊಂಡು ಅಳ್ತಾ ಕುಂತಾನೆ. ನಿನ್ನೆ ಹಿತ್ತಲಾಗ ಸೌದೆ ಒಡೀತಿದ್ನಂತೆ. ಸಾವ್ಕಾರ್ರು ಬಚ್ಚಲಿಗೆ ಓಡಾಡಿದ್ದೇ ಓಡಾಡಿದ್ದು ಅಂದ. ಯಾಕ?”

“ನೀರು ಬಾಳ ಕುಡಿದಿರಬೇಕು.”

“ಯಾಕ ಕುಡಿದ? — ಗುಳಿಗೆಗೊಂದು ಲೋಟ! ಒಟ್ಟಿಗೆ ನುಂಗಿಲ್ಲ. ಅನ್ನದಾಗ ಕಲಸಿಲ್ಲ. ಒಂದೊಂದೇ ಕೈಯೊಡ್ಡಿ ಇಸಗಂಡು, ನೀರು ಕುಡಿದು ನುಂಗ್ಯಾನೆ. ನೆಟ್ಟಗಿರೋ ಮನುಷ್ಯ ಎರಡನೇದಕ್ಕೇ ‘ಈಗಷ್ಟೇ ತಗಂಡ್ನಲ್ಲಲೇ’ ಅಂತ ಬೈತಾನೆ. ನಮ್ಮ ಭಾವ ಅಂತೂ ಕಪಾಳಕ್ಕೇ ಹೊಡೀತಿದ್ದ. ಹೊಡೀಲಿಲ್ಲ. ಯಾಕ?”

ಉತ್ತರ ನಾಗಭೂಷಣನಿಗೆ ಗೊತ್ತಿತ್ತು. ಗೊತ್ತಿರುವುದೇ ಕೊರಳಿಗೆ ಉರುಲು ಎಂಬುದೂ ಗೊತ್ತಾಯಿತು.

“ಅವರಿಗೆ... ಐದು ನಿಮಿಷದ ಹಿಂದಿನದು ನೆನಪಿರ್ತಿರಲಿಲ್ಲ ಸರ್.”

“ಮನೆಯೋರಿಗೆ?”

“ಗೊತ್ತಿಲ್ಲ. ಜೋರು ಮಾಡಿ, ಹಾಸ್ಯ ಮಾಡಿ ಮುಚ್ಚಿಡ್ತಿದ್ರು. ಮುಪ್ಪಿನ ಹಟ ಅಂತ ಎಲ್ಲಾರೂ ಸುಮ್ನಾಗ್ತಿದ್ರು.”

“ನೀವು ಯಾರಿಗೆ ಹೇಳಿದ್ರಿ?”

“ನಿಯಮ ಐತೆ ಸರ್. ಪರೀಕ್ಷೆ ಯಾರದೋ ಅವರಿಗೆ ಮಾತ್ರ ಹೇಳ್ಬೇಕು. ಅವರಿಗೇ ಹೇಳಿದೆ.”

ಕೊಟ್ಟೂರೇಶನ ಕೈ ಪೊಟ್ಟಣದಲ್ಲೇ ನಿಂತಿತು.

“ಭಲೇ! ಮರೆವೈತೆ ಅಂತ ಮರೆವಿನವನಿಗೇ ಹೇಳಿ ಕೈ ತೊಳಕಂಡ್ರಿ.”

ನಾಗಭೂಷಣ ತಲೆ ತಗ್ಗಿಸಿದ.

“ಹಂಗಾರೆ ಗೊತ್ತಿದ್ದೋರು ನೀವೊಬ್ರೇ. ಪೊಲೀಸ್ರಿಗೆ ಇನ್ನೇನು ಬೇಕು? ನಾಳೆ ಬಂದು ಎತ್ತಾಕಂಡು ಹೋಗ್ತಾರೆ. ಅದಕ್ಕೂ ಮುಂಚೆ ಹೇಳ್ರಿ — ಆ ಡಿಸ್ಕು ಯಾರಿಗೆ ಕೊಟ್ಟೀರಿ?”

“ಕೇಳಿದೋರಿಗೆಲ್ಲ. ಲೋಕಕ್ಕೇ ಕೊಟ್ಟೀನಿ ಸರ್.”

“ಲೋಕ ಹಾಳಾಗ್ಲಿ. ಹರಿಹರದಾಗ?”

“ಹರಿಹರದಾಗ... ಪಂಚಾಕ್ಷರಪ್ಪನವರ ಸೊಸೆ ರೂಪಶ್ರೀಗೆ. ಮನಶ್ಶಾಸ್ತ್ರದಾಗ ಎಂ.ಎ. ಮಾಡ್ತಾರೆ. ದಾವಣಗೆರೆ ಬಸ್ಸಿಗೆ ದಿನಾ ಓಡಾಡ್ತಾರಲ್ಲ. ಆದ್ರೆ ಅದರಾಗ ಹೆಸರಿಲ್ಲ ಸರ್! ಬರೀ ನಂಬರು. ದೇವರಿಗೂ ಗೊತ್ತಾಗಲ್ಲ. ಅದರ ಮ್ಯಾಲೆ ಪ್ರಬಂಧಾನೂ ಬರೆದಾರೆ, ಭಾಳ ಚೆಂದ ಐತೆ. ನಾನೇ ತಿದ್ದಿದ್ದು.”

“ಎಲ್ಲಾ ಮುದುಕ್ರೂ ಅದರಾಗ ಅದಾರಾ?”

“ಒಬ್ಬರನ್ನ ಬಿಟ್ಟಾರೆ. ಹಣೆ ತಂತಿಯ ದಾಖಲೆ ಖಾಲಿ ಐತಲ್ಲ, ಅದಕ್ಕೆ ಕೈಬಿಟ್ಟೆ ಅಂತ ಬರೆದಾರೆ. ಸರಿಯಾದ ಕ್ರಮ ಅಂತ ನಾನೂ ಮೆಚ್ಚಿದ್ದೆ.”

“ಪ್ರಬಂಧ ಯಾತರ ಮ್ಯಾಲೆ?”

“ನೆನಪಿನ ಪರೀಕ್ಷೆ ಮ್ಯಾಲೆ.”

ಕೊಟ್ಟೂರೇಶ್ ಪೊಟ್ಟಣ ಮಡಚಿ ಜೇಬಿಗಿಟ್ಟ. “ನಡೀರಿ, ಸತ್ತ ಮನೆಗೆ.”

ಪಡಸಾಲೆಯಲ್ಲಿ ದ್ರಾಕ್ಷಾಯಣಮ್ಮ ಗೋಡೆಗೊರಗಿ ಕೂತಿದ್ದಳು. ಕೊಲೆಯಾದ ದಿನ ಆಕೆ ಮಲೆಬೆನ್ನೂರಿಗೆ ತಂಗಿಯ ಮನೆಗೆ ಹೋಗಿದ್ದವಳು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಿವಯೋಗಪ್ಪ ಕಂಬದ ಬಳಿ. ಸೊಸೆ ರೂಪಶ್ರೀ ಅಡಿಗೆ ಮನೆಯ ಬಾಗಿಲಲ್ಲಿ, ಸೆರಗು ಹೊದ್ದು. ಹೊಸಲಿನಾಚೆ ತಿಪ್ಪೇಶ್, ಕೊರಳಿಗೆ ಕೈ ತೂಗುಹಾಕಿಕೊಂಡು. ನಾಗಭೂಷಣನನ್ನು ಕಂಡು ಶಿವಯೋಗಪ್ಪ ಹಲ್ಲು ಕಡಿದ.

“ಈ ನನ್ಮಗನ್ನ ಒಳಗ್ಯಾಕೆ ಕರ್ಕೊಂಡ್ ಬಂದ್ರಿ ಮಾವಾ?”

“ಕೈ ಮುರಿಯೋ ಆಟ ಒಂದಿನಕ್ಕೆ ಸಾಕು, ಕುಂತ್ಕ,” ಎಂದ ಕೊಟ್ಟೂರೇಶ್. “ಅಕ್ಕಾ, ಭಾವನಿಗೂ ಸೊಸೆಗೂ ಹೆಂಗಿತ್ತು?”

ದ್ರಾಕ್ಷಾಯಣಮ್ಮ ಕಣ್ಣೊರೆಸಿದಳು. “ಸತ್ತೋರ ಮಾತು ಬ್ಯಾಡ ತಮ್ಮಾ. ಅವರ ಬಾಯಿ ಕೆಟ್ಟದ್ದು. ಈಕಿ ಕೂಸು ಹೋಗಿ ವರ್ಷ ಆತು. ಅದರ ತೊಟ್ಟಿಲು ಇನ್ನೂ ಅಟ್ಟದ ಮ್ಯಾಲೈತೆ. ದಿನಾ ಮುಂಜಾನೆ ಎದ್ದು ಈಕಿನ್ನ ಕರೆದು, ‘ಕೂಸೆಲ್ಲವ್ವಾ? ಹಾಲು ಕುಡೀತಾ?’ ಅನ್ನೋರು. ‘ಸತ್ತೋತಲ್ರೀ ಮಾವಾರೇ’ ಅಂತ ಈಕಿ ದಿನಾ ಹೇಳ್ಬೇಕು. ಆಗ ಹೌಹಾರಿದಂಗೆ ಮಾಡೋರು. ನಾಟಕ! ಚುಚ್ಚಬ್ಯಾಡ್ರಿ ಅಂತ ನಾನು ಕಾಲು ಹಿಡಿದೀನಿ. ಮರುದಿನ ಮತ್ತೆ ಅದೇ.”

“ರೂಪಾ, ನೀನೇನು ಮಾಡ್ತಿದ್ದೆ ತಾಯಿ ನಿನ್ನೆ?”

“ಮ್ಯಾಲೆ ಓದ್ತಿದ್ದೆ.”

“ಮಾವಗೆ ತಿಂಡಿ?”

“ಉಪ್ಪಿಟ್ಟು ಮಾಡಿದ್ದೆ. ತಿಂದ್ರು.”

“ಎಷ್ಟು ಮಾಡಿದ್ದೆ?”

ಆಕೆ ಸೆರಗು ಬಿಗಿಯಾಗಿ ಎಳೆದುಕೊಂಡಳು.

“ಮುಂಜಾನೆ ಬಂದಾಗ ನಿನ್ನೆ ಪಾತ್ರೆ ನೋಡಿದೆ ಕಣವ್ವ. ಸೌಟು ಇಳಿದಿಲ್ಲ. ಹೋಗ್ಲಿ. ಮಾವಗೆ ಮರೆವಿನ ರೋಗ ಇದ್ದದ್ದು ಗೊತ್ತಿತ್ತಾ?”

“ರೋಗಾನಾ? ಅವರಿಗಾ? — ಇಲ್ಲಪ್ಪ.”

ಕೊಟ್ಟೂರೇಶ್ ಹೊಸಲಿನ ಕಡೆ ತಿರುಗಿದ. “ತಿಪ್ಪೇಶಾ, ಸಾವ್ಕಾರ್ರನ್ನ ತಂತಿ ಹಾಕಿಸಾಕೆ ಕರ್ಕೊಂಡ್ ಹೋದೋನು ನೀನಲ್ಲ? ಅಲ್ಲಿ ಏನಾತು, ಮನೆಗೆ ಬಂದು ಏನಂತ ಹೇಳಿದಿ?”

“ಡಾಕ್ಟ್ರು ಹಣೆ ಒರೆಸಾಕೆ ಬಂದ್ರೆ ಇವರು ಮೀಸೆ ತಿರುವಿ, ‘ನನ್ನ ತಲೆ ಬಿಚ್ಚಿ ನೋಡು, ವಿಭೂತಿ ಮುಟ್ಟಿದರೆ ನಿನ್ನ ತಲೆ ಇರಲ್ಲ’ ಅಂದ್ರು ಅಂತ ಹೇಳ್ದೆ. ಎಲ್ಲಾರೂ ನಕ್ಕರು.” ಅಡಿಗೆ ಮನೆಯ ಬಾಗಿಲಲ್ಲಿದ್ದ ರೂಪಶ್ರೀಯ ಕಡೆ ನೋಡಿ ಹೇಳಿದ, “ಸಣ್ಣವ್ವಾರೂ ನಕ್ಕರು.”

“ಕೇಳಿದ್ರಾ ಡಾಕ್ಟ್ರೇ? ಹೆಸರು ಅಳಿಸಿದ್ರಿ, ಹಣೆ ಅಳಿಸ್ಲಿಲ್ಲ. ನಿಮ್ಮ ಡಿಸ್ಕಿನಾಗ ಎರಡು ತಂತಿ ಇಲ್ಲದ ಮುದುಕ ಒಬ್ಬನೇ. ಅಮೆರಿಕದೋನಿಗೆ ಅದು ಕೆಟ್ಟ ದಾಖಲೆ. ಈ ಮನೆಯೋರಿಗೆ ಅದು ಪಂಚಾಕ್ಷರಪ್ಪನ ಫೋಟೋ!”

“ಕಂಡಿರಬಹುದು,” ಎಂದಳು ರೂಪಶ್ರೀ. ದನಿ ನಡುಗಲಿಲ್ಲ. “ಆದ್ರೆ ತಂತಿ ಇಲ್ಲ ಅಂತ ನಾನು ಅದನ್ನ ನೋಡದೇ ಬಿಟ್ಟೆ. ಸರ್‌ಗೇ ಗೊತ್ತೈತೆ.”

“ಅಲ್ಲೇ ಸಿಕ್ಕಿಬಿದ್ದೆ ತಾಯಿ. ನಿನ್ನ ಪ್ರಬಂಧ ನೆನಪಿನ ಮ್ಯಾಲೆ. ನೆನಪಿನ ಪ್ರಶ್ನೆ ಬಾಯಿಂದ ಕೇಳ್ತಾರೆ, ಬಾಯಿಂದ ಹೇಳ್ತಾರೆ. ಅದಕ್ಕೆ ತಂತಿ ಯಾಕ ಬೇಕು? ಹಣೆ ತಂತಿ ಇಲ್ಲ ಅಂತ ನೆನಪಿನ ಲೆಕ್ಕದಿಂದ ಬಿಡೋದು, ಕಾಲಿಗೆ ಚಪ್ಪಲಿ ಇಲ್ಲ ಅಂತ ಊಟದ ಪಂಕ್ತಿಯಿಂದ ಎಬ್ಬಿಸಿದಂಗೆ. ನಿನ್ನ ಮೇಷ್ಟ್ರು ಮೆಚ್ಚಿದ್ರು. ನಾನು ದಡ್ಡ, ನಂಗೆ ಹೊಂದಲಿಲ್ಲ. ಎಲ್ಲಾ ಮುದುಕ್ರ ಪೈಕಿ ಆ ಒಬ್ಬನ ಮರೆವು ಮಾತ್ರ ಯಾರೂ ಓದಬಾರದು, ಮಾತಾಡಬಾರದು ಅಂತ ನಿಂಗ್ಯಾಕೆ ಬೇಕಿತ್ತು? ಅವ ಯಾರು ಅಂತ ಗೊತ್ತಿತ್ತು. ಎಷ್ಟು ಮರೀತಾನೆ ಅಂತಾನೂ ಗೊತ್ತಿತ್ತು. ಅತ್ತೆ ಊರಿಗೆ ಹೋಗೋದನ್ನ ಕಾದೆ.”

ನಾಗಭೂಷಣನಿಗೆ ಕೊರಳ ಉರುಲು ಸಡಿಲಾಯಿತು. ಸಡಿಲಾದದ್ದಕ್ಕೆ ನಾಚಿಕೆಯೂ ಆಯಿತು.

ರೂಪಶ್ರೀ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಕೆಲಸಕ್ಕೆ ನಿಂತವಳ ಹಾಗೆ.

“‘ಮಾವಾರೇ, ಗುಳಿಗೆ ತಗಂಡಿಲ್ಲ’ ಅಂದೆ. ತಗಂಡ್ರು. ಅಡಿಗೆ ಮನೆಗೆ ಹೋಗಿ ಬಂದೆ. ‘ಗುಳಿಗೆ ತಗಂಡಿಲ್ಲ’ ಅಂದೆ. ತಗಂಡ್ರು. ಹಸಿವು ಅಂದ್ರು. ‘ಈಗಷ್ಟೇ ಉಂಡ್ರಲ್ಲ’ ಅಂದೆ. ಅದನ್ನೂ ನಂಬಿದ್ರು. ನಡುವೆ ಒಂದ್ ಸಲ ‘ನೀ ಬಾಳ ಒಳ್ಳೇಕಿ, ನೆನಪಿಟ್ಟು ಕೊಡ್ತೀಯ’ ಅಂದ್ರು.”

“ಚಂಡಾಲಿ!” ಶಿವಯೋಗಪ್ಪ ಎದ್ದ. ಕೊಟ್ಟೂರೇಶ್ ಅವನ ರಟ್ಟೆ ಹಿಡಿದು ಕೂರಿಸಿದ.

“ಅಲ್ಲವ್ವಾ,” ಎಂದ, ಮೊದಲ ಸಲ ದನಿ ತಗ್ಗಿಸಿ, “ಕೂಸಿನ ಮಾತು ಬೇಕಂತ ಕೇಳ್ತಿರಲಿಲ್ಲ, ಮರೆತು ಕೇಳ್ತಿದ್ದ ಅಂತ ಆ ಡಿಸ್ಕು ನೋಡಿದ ಮ್ಯಾಲಾದ್ರೂ ಗೊತ್ತಾತಲ್ಲ?”

“ಗೊತ್ತಾದ ಮ್ಯಾಲೇ ತಡಕಳಾಕೆ ಆಗ್ಲಿಲ್ಲ ರೀ. ಬೇಕಂತ ಕೇಳ್ತಾರೆ ಅಂದ್ಕೊಂಡಾಗ, ಒಂದಿನ ಬೇಸರಾಗಿ ಬಿಡ್ತಾರೆ ಅನ್ನೋ ಆಸೆ ಇತ್ತು. ಸರ್ ಕೊಟ್ಟಿದ್ದು ನೋಡಿದ ಮ್ಯಾಲೆ ತಿಳೀತು — ಅವರು ಇರೋ ತನಕ ದಿನಾ ಮುಂಜಾನೆ ನನ್ನ ಕೂಸು ಹೊಸದಾಗಿ ಸಾಯಬೇಕು. ದಿನಾ ನಾನೇ ಹೇಳಬೇಕು.”

ಹೊಸಲಿನಾಚೆ ತಿಪ್ಪೇಶ್ ಮುರಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಅಳತೊಡಗಿದ. ಅವನ ಕಡೆ ಯಾರೂ ನೋಡಲಿಲ್ಲ.

ದ್ರಾಕ್ಷಾಯಣಮ್ಮ ಮಾತ್ರ ಸೊಸೆಯನ್ನೂ ನೋಡುತ್ತಿರಲಿಲ್ಲ. ಆಕೆಯ ಕಣ್ಣು ನಾಗಭೂಷಣನ ಮೇಲೆ ನೆಟ್ಟಿತ್ತು.

“ಅದು ನಾಟಕ ಆಗಿರಲಿಲ್ಲಾ? ಖರೇನೇ ಮರೀತಿದ್ರಾ?”

“ಹೌದಮ್ಮ.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ನಮಗೊಂದು ಮಾತು ಹೇಳಬಾರದಿತ್ತೇನಪ್ಪಾ? ಕೂಸಿನ ಹೆಸರು ಎತ್ತಿದಾಗ ಮಾತು ಮರೆಸಿ ಹಾಲು ಕೊಟ್ಟು ಕೂರಿಸ್ತಿದ್ದೆ. ನಾಟಕ ಅಂತ ಅವರು ಸಾಯೋ ಹಿಂದಿನ ದಿನಾನೂ ನಾನು ಬೈದೀನಿ.”

“ಹೇಳೋ ಹಂಗಿರಲಿಲ್ಲ ಅಮ್ಮ. ನಿಯಮ.”

ಮುದುಕಿ ಗೋಡೆ ಹಿಡಿದು ಎದ್ದು ನಿಂತಳು.

“ಲೋಕಕ್ಕೆಲ್ಲ ಹೇಳೋ ಹಂಗಿತ್ತು. ಮನೆಯೋರಿಗೆ ಹೇಳೋ ಹಂಗಿರಲಿಲ್ಲ?”