ಎದೆಮಟ್ಟದ ನೀರಿನಲ್ಲಿ

"ಏನ್ರೀ ಇದು? ಸಹಾಯ ಮಾಡೋದಿದ್ರೆ ಹೇಳಿ ಮಾಡ್ಬೇಕು. ಹೀಗೆ ನೀರಿನೊಳಗಿಂದ ಕದ್ದು ಬಂದು ಮೊಣಕಾಲು ಹಿಡ್ಕೊಳ್ಳೋದಾ?"

ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೂ ಕೇಳಿಸುವಂತೆ ಕೂಗಿ ಪಳಗಿದ ದನಿ ಅದು. ಖಾಲಿ ಈಜುಕೊಳದಲ್ಲಿ ಕೇಳಬೇಕೇ! ಗಾಜಿನ ಚಾವಣಿಗೆ ತಾಗಿ, ನಾಲ್ಕೂ ಗೋಡೆ ಸುತ್ತಿ, ಕೂಗಿದವಳ ಕಿವಿಗೇ ಮರಳಿ ಬಂದು ಬಿತ್ತು.

ಕಂಡಕ್ಟರ್ ಎದೆಮಟ್ಟದ ನೀರಿನಲ್ಲಿ ಅಂಚಿನ ಸರಳು ಹಿಡಿದು ನಿಂತಿದ್ದಳು. ಬೈಯಬೇಕಾದವನು ಹಿಂದೆಯೇ ಇರಬೇಕೆಂದು ತಿರುಗಿದಳು. ನೀರಿನಲ್ಲಿ ಯಾರೂ ಇರಲಿಲ್ಲ.

ಲೈಫ್‌ಗಾರ್ಡ್ ಕೊಳದ ಆಚೆ ತುದಿಯ ಎತ್ತರದ ಕುರ್ಚಿಯಿಂದ ಇಳಿದು ಬರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಾಲುಚೀಲ, ಬಿಳಿ ಬೂಟು. ಕೂದಲಿನಲ್ಲಿ ಒಂದು ಹನಿ ನೀರಿಲ್ಲ.

"ನಾನು ಅಲ್ಲೇ ಕೂತಿದ್ದೆ ಮೇಡಂ. ನೀರಿಗಿಳಿದು ವರ್ಷಗಳೇ ಆದ್ವು."

"ಮತ್ತೆ ಯಾರು? ನನ್ನ ಕಾಲು ಇನ್ನೇನು ಮಡಚಿಹೋಗ್ತಿತ್ತು. ಯಾರೋ ಕೆಳಗಿಂದ ತಡೆದು ಹಿಡಿದ್ರು. ಒಂದೊಂದು ಬೆರಳೂ ಗೊತ್ತಾಯ್ತು ನಂಗೆ."

ಅವನ ಮುಖ ಬಿಳಿಚಿತು. ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೇರೆ ಯಾರೋ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿದ.

"ಕೈ ತಣ್ಣಗಿತ್ತಾ, ಬೆಚ್ಚಗಿತ್ತಾ?"

ಅವಳು ತಯಾರಿಟ್ಟಿದ್ದ ಬೈಗುಳ ಬಿಟ್ಟು ನೀರಿನೊಳಗೇ ಮೊಣಕಾಲು ಸವರಿಕೊಂಡಳು.

"ಬೆಚ್ಚಗೆ," ಎಂದಳು. "ನೀರಿಗಿಂತ ಬೆಚ್ಚಗೆ."

"ಇವತ್ತಿಗೆ ಸಾಕು. ಮೇಲೆ ಬನ್ನಿ." ಅವನು ಎಡಗೈ ಚಾಚಿದ. ಹಿಡಿದಾಗ ಅದು ಮಂಜುಗಡ್ಡೆಯಂತಿತ್ತು.

ಅವಳ ಮೊಣಕಾಲು ಕೈಕೊಟ್ಟದ್ದು ಬಸ್ಸಿನಲ್ಲೇ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ಮೆಟ್ಟಿಲ ಮೇಲೆ ತಿರುಚಿಕೊಂಡು ಬಿದ್ದಿದ್ದಳು. ಕೀಲಿನೊಳಗಿನ ಮೆತ್ತೆ ಹರಿದಿದೆ ಎಂದರು ಡಾಕ್ಟರು. ಆಮೇಲೆ ಡಿಪೋದವರು ಅವಳನ್ನು ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಕೂರಿಸಿದರು. ವಾರಸುದಾರರಿಲ್ಲದ ಕೊಡೆಗಳು, ಒಂಟಿ ಚಪ್ಪಲಿಗಳು, ಒಮ್ಮೆ ಒಂದು ಹಲ್ಲಿನ ಸೆಟ್ಟು. ಅವುಗಳ ನಡುವೆ ಕೂತೂ ಕೂತೂ ಮೈ ಬೆಳೆಯಿತು; ಮೈ ಬೆಳೆದಷ್ಟೂ ಮೊಣಕಾಲು ಮುನಿಯಿತು. ಮೆಡಿಕಲ್ ಪರೀಕ್ಷೆ ಪಾಸಾಗದಿದ್ದರೆ ಮತ್ತೆ ಬಸ್ ಹತ್ತುವಂತಿಲ್ಲ. ತಾನೂ ಆ ಕೌಂಟರಿನಲ್ಲಿ ಯಾರೋ ಮರೆತುಹೋದ ವಸ್ತುವಾಗಿಬಿಡುತ್ತೇನೆ ಎನ್ನಿಸಿ ಸ್ನಾನದ ಮನೆಯಲ್ಲಿ ಅತ್ತದ್ದು ಅಕ್ಕನಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಫಿಸಿಯೋ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. "ಓಡೋದು, ಹಾರೋದು, ಮೆಟ್ಟಿಲು ಹತ್ತೋದು ಸದ್ಯಕ್ಕೆ ಬೇಡ. ಹಿಂದುಗಡೆ ನಮ್ಮ ಪೂಲ್ ಇದೆ, ಎದೆಮಟ್ಟದ ನೀರಲ್ಲಿ ನಡೀರಿ. ಮುಂದಕ್ಕೆ, ಹಿಂದಕ್ಕೆ, ಅಡ್ಡಡ್ಡಕ್ಕೆ. ನಿಮ್ಮ ಭಾರ ಮುಕ್ಕಾಲು ಪಾಲು ನೀರೇ ಹೊರುತ್ತೆ. ಚುಚ್ಚಿದ ಹಾಗೆ ನೋವಾದ್ರೆ ಅಲ್ಲೇ ನಿಲ್ಲಿಸಿ. ತೂಕ ನಿಧಾನಕ್ಕೆ ಇಳೀಲಿ. ಉಪವಾಸ ಗಿಪವಾಸ ಮಾಡಿದ್ರೋ, ನನ್ನ ಹತ್ರ ಬರಲೇಬೇಡಿ."

ಅಂದು ಸಂಜೆ ನಡೆದದ್ದನ್ನೆಲ್ಲ ಕೇಳಿದ ಅಕ್ಕ ಬಟ್ಟೆ ಮಡಿಸುತ್ತಲೇ ನಕ್ಕಳು. "ಲೇ, ಈ ಕಾಲದಲ್ಲಿ ಕೈ ಹಿಡಿಯೋರೇ ಸಿಗಲ್ಲ. ನಿಂಗೆ ನೋಡು, ಕಾಲು ಹಿಡಿಯೋರು ಸಿಕ್ಕಿದ್ದಾರೆ. ಬಿಡ್ಬೇಡ ಕಣೇ!"

ಅವಳೂ ನಕ್ಕಳು. ಆದರೆ ಮಲಗುವ ಮುಂಚೆ ಮೊಣಕಾಲನ್ನು ಮುಟ್ಟಿ ನೋಡಿಕೊಂಡಳು. ಆ ಬಿಸಿ ಇನ್ನೂ ಆರಿರಲಿಲ್ಲ.

ಮರುದಿನ ಹೋಗಬಾರದೆಂದುಕೊಂಡೇ ಹೋದಳು. ಮಧ್ಯಾಹ್ನದ ಆ ಹೊತ್ತಿನಲ್ಲಿ ಕೊಳಕ್ಕೆ ಬರುತ್ತಿದ್ದವಳು ಅವಳೊಬ್ಬಳೇ. ಚಾವಣಿಯ ಗಾಜಿಗೆ ಆವಿ ಕಟ್ಟಿ ಬೆಳಕು ಹಾಲಿನಂತೆ ಇಳಿಯುತ್ತಿತ್ತು. ಗೋಡೆಯೊಳಗಿನ ಪಂಪು ಯಾರೋ ನಿದ್ದೆಯಲ್ಲಿ ನರಳಿದಂತೆ ಸದ್ದು ಮಾಡುತ್ತಿತ್ತು.

ಲೈಫ್‌ಗಾರ್ಡ್ ಅಂದು ಕುರ್ಚಿ ಏರಲಿಲ್ಲ. ಅವಳು ನೀರಿನಲ್ಲಿ ನಡೆದಂತೆಲ್ಲ ಅಂಚಿನ ಮೇಲೆ ಜೊತೆಜೊತೆಗೇ ನಡೆದ. ಅವನ ಬೂಟುಗಳು ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕಿದ್ದವು.

"ಲೈಫ್‌ಗಾರ್ಡ್ ಸಾಹೇಬ್ರೇ, ಬೂಟು ಹಾಕ್ಕೊಂಡು ನೀರು ಕಾಯೋರನ್ನ ಇವತ್ತೇ ನೋಡಿದ್ದು ನಾನು."

"ಸುಮ್ನೆ ನಡೀರಿ ಕಂಡಕ್ಟ್ರೇ. ಹಿಮ್ಮಡಿ ಮೊದಲು, ಆಮೇಲೆ ಬೆರಳು. ಬಾತುಕೋಳಿ ಥರ ಅಲ್ಲ."

"ಬಾತುಕೋಳಿನಾ!"

ಅವನು ನಗಲಿಲ್ಲ, ಆದರೆ ಕೆಳದುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಆ ತುಟಿಯನ್ನು ಅವಳು ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತು ನೋಡಿದಳು. ಅದು ಅವನಿಗೂ ತಿಳಿಯಿತು. ಇಬ್ಬರೂ ಸರಕ್ಕನೆ ಬೇರೆ ಬೇರೆ ಕಡೆ ನೋಡಿದರು. ಅವನು ನೋಡಿದ್ದು ನೀರನ್ನು, ನೋಡಿದವನೇ ನಿಂತುಬಿಟ್ಟ.

"ಏನು?"

"ನೀವೂ ನಿಲ್ಲಿ."

ಅವಳು ನಿಂತಳು. ಅವಳು ಎಬ್ಬಿಸಿದ ಅಲೆ ಹರಡಿ ಗೋಡೆಗೆ ತಾಗಿ ಸತ್ತಿತು. ಅವಳ ಪಕ್ಕದಲ್ಲೇ ಬರುತ್ತಿದ್ದ ಇನ್ನೊಂದು ಸಣ್ಣ ಅಲೆ ಒಂದು ಹೆಜ್ಜೆ ಮುಂದೆ ಬಂದು, ಆಮೇಲೆ ನಿಂತಿತು.

ಅವಳ ಮೈ ಜುಂ ಎಂದಿತು. ಆದರೂ ಓಡಬೇಕೆನಿಸಲಿಲ್ಲ. ಜನಜಂಗುಳಿಯಲ್ಲಿ ಯಾರೋ ಜಾಗ ಬಿಟ್ಟು ನಿಂತಂತಿತ್ತು ಅದು.

"ನಿಮಗೆ ಗೊತ್ತು," ಎಂದಳು ಮೆಲ್ಲಗೆ. "ಹೇಳಿ."

ಅವನು ಅಂಚಿನಲ್ಲಿ ಕೂತು ಹೇಳಿದ. ಹಿಂದೆ ಅವನು ಎತ್ತರದ ಹಲಗೆಯಿಂದ ಹಾರುವ ಡೈವರ್ ಆಗಿದ್ದ. ಆಸ್ಪತ್ರೆಯ ಕೈಗೆ ಬರುವ ಮುಂಚೆ ಸ್ಪರ್ಧೆಗಳು ನಡೆಯುತ್ತಿದ್ದ ಇದೇ ಕೊಳದ ಆಳದ ತುದಿಯಲ್ಲಿ ಒಮ್ಮೆ ಹಾರಿದಾಗ ಬಲಭುಜ ಕಿತ್ತುಬಂದಂತಾಗಿ ತಳ ಸೇರಿದ. ಉಸಿರು ಮುಗಿಯಿತು. ಆಗ ಬೆನ್ನ ಕೆಳಗೊಂದು ಅಂಗೈ ಬಂದು, ಮಗುವನ್ನು ಎತ್ತುವಂತೆ ಮೇಲಕ್ಕೆತ್ತಿತು. ದಡದಲ್ಲಿದ್ದವರೆಲ್ಲ ಅವನೊಬ್ಬನೇ ಮೇಲೆ ಬಂದನೆಂದರು. ಅವನು ಕೈಯ ಮಾತು ಬಿಡಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗಿಯ ಮನೆಯವರಿಗೆ ಆ ಸುದ್ದಿ ಮುಟ್ಟಿತು. ಹುಡುಗನ ತಲೆ ಸರಿಯಿಲ್ಲ ಎಂದು ಸಂಬಂಧ ಮುರಿದರು.

"ಇಲ್ಲಿ ಯಾರಾದ್ರೂ ಮುಳುಗಿ ಸತ್ತಿದ್ರಾ?"

"ಹಳಬರನ್ನೆಲ್ಲ ಕೇಳಿದೆ. ಈ ನೀರಲ್ಲಿ ಯಾರೂ ಸತ್ತೇ ಇಲ್ಲ. ನಂಗೆ ಭಯ ಆಗೋದು ಅದಕ್ಕೇ." ಅವನು ಬಲಭುಜ ತಿಕ್ಕಿಕೊಂಡ. "ಆವತ್ತಿಂದ ನೀರಿಗಿಳಿದಿಲ್ಲ. ಈ ಜಾಗ ಬಿಟ್ಟು ಹೋಗೋಕೂ ಆಗಿಲ್ಲ."

"ನಾನು ನಂಬ್ತೀನಿ," ಎಂದಳು ಅವಳು.

ಇಷ್ಟು ವರ್ಷ ಅವನು ಕೇಳಲು ಕಾದಿದ್ದ ಮಾತು ಅದೊಂದೇ ಇರಬೇಕು. ತಕ್ಷಣ ಎದ್ದು, ಟವೆಲ್ ತರುವ ನೆಪದಲ್ಲಿ ಬೆನ್ನು ತಿರುಗಿಸಿ ಹೋದ. ಟವೆಲ್ ಅವಳ ಪಕ್ಕದಲ್ಲೇ ಇತ್ತು.

ದಿನಗಳು ಕಳೆದವು. ಕಂಡಕ್ಟರ್ ಮುಂದಕ್ಕೆ ನಡೆದಳು, ಹಿಂದಕ್ಕೆ ನಡೆದಳು, ಸರಳು ಹಿಡಿದು ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಎತ್ತಿ ಇಳಿಸಿದಳು. ಊಟದ ತಟ್ಟೆಯಲ್ಲಿ ತರಕಾರಿ ಹೆಚ್ಚಿತು, ಬೇಕರಿಯ ಪೊಟ್ಟಣಗಳು ಅಕ್ಕನ ಪಾಲಾದವು. ತೂಕದ ಯಂತ್ರ ಕೆಲವು ವಾರ ಮುಷ್ಕರ ಹೂಡಿ ಅಲ್ಲೇ ನಿಂತಿತು, ಮತ್ತೆ ಇಳಿಯಿತು. ಹಳೆಯ ಯೂನಿಫಾರಂ ಪ್ಯಾಂಟಿನ ಗುಂಡಿ ಒಂದು ಬೆಳಿಗ್ಗೆ ಜಗಳವಿಲ್ಲದೆ ಕೂತಿತು. ಕಾಲು ತಡವರಿಸಿದಾಗಲೆಲ್ಲ ನೀರಿನಡಿಯಿಂದ ಬೆಚ್ಚಗಿನ ಅಂಗೈ ಬರುತ್ತಿತ್ತು, ಕಾಲು ನೆಟ್ಟಗಾದೊಡನೆ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದದ್ದು ಅಂಚಿನ ಮೇಲಿನ ಬಿಳಿ ಬೂಟುಗಳು. ಅವು ಒಂದು ದಿನವೂ ನೀರಿನ ಹತ್ತಿರ ಬರಲಿಲ್ಲ.

"ಇವತ್ತು ಬಂತಾ?" ಅವನು ದಿನವೂ ಕೇಳುತ್ತಿದ್ದ.

ಒಂದು ದಿನ ಅವಳಿಗೆ ರೇಗಿತು.

"ನಾನೊಂದು ಕೇಳ್ಲಾ? ನೀವು ದಿನಾ ದಾರಿ ಕಾಯೋದು ನನ್ನನ್ನೋ, ಅದನ್ನೋ?"

ಅವನ ಕಣ್ಣು ಅವಳಿಂದ ನೀರಿನ ಕಡೆಗೆ ಹೊರಳಿತು. ಅವಳಿಗೆ ಅಷ್ಟೇ ಸಾಕಾಯಿತು.

"ಸರಿ ಬಿಡಿ. ಅದಕ್ಕೆ ನನ್ನ ನಮಸ್ಕಾರ ತಿಳಿಸಿ."

ಸಿಟ್ಟಿನಲ್ಲಿ ಅವಳು ಆಟೋ ಹಿಡಿಯದೆ ಗಟ್ಟಿ ರಸ್ತೆಯಲ್ಲಿ ಮನೆತನಕ ಬಿರಬಿರನೆ ನಡೆದಳು. ಬೆಳಗಾಗುವಷ್ಟರಲ್ಲಿ ಮೊಣಕಾಲು ಸೋರೆಕಾಯಿಯಂತೆ ಊದಿತ್ತು. ಫಿಸಿಯೋ ಮೇಡಂ ಐಸ್ ಇಟ್ಟು, ಕಾಲು ಎತ್ತರಿಸಿ ಮಲಗಿಸಿ, ಬೈಗುಳದ ಮಳೆಗರೆದರು. "ಯಾರ ಮೇಲಿನ ಸಿಟ್ಟನ್ನ ಯಾರ ಮೇಲೆ ತೀರಿಸ್ಕೊಂಡ್ರಿ? ಊತ ಪೂರ್ತಿ ಇಳಿಯೋವರೆಗೂ ನೀರಿನ ಕಡೆ ತಲೆ ಹಾಕ್ಬೇಡಿ."

ಅವಳು ಕುರ್ಚಿಯಲ್ಲಿ ಕೂತೇ ತೊಡೆ ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಿದಳು. ಅಕ್ಕ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸಿದಳು. ಕೊನೆಗೊಮ್ಮೆ ಕೇಳಿದಳು, "ಅವನು ಒಳ್ಳೇವನಾ?"

"ಹೆದರುಪುಕ್ಕಲ."

"ನಾನು ಕೇಳಿದ್ದು ಅದಲ್ಲ."

"ಒಳ್ಳೇವನು," ಎಂದಳು ತಂಗಿ, ಗೋಡೆಯ ಕಡೆ ನೋಡುತ್ತ.

ಊತ ಇಳಿದ ಮೇಲೆ ಅವಳು ಮತ್ತೆ ಕೊಳದ ಬಾಗಿಲು ತಳ್ಳಿದಾಗ ಎತ್ತರದ ಕುರ್ಚಿ ಖಾಲಿಯಿತ್ತು. ಅಂಚಿನಲ್ಲಿ ಬಿಳಿ ಬೂಟುಗಳು ಅಕ್ಕಪಕ್ಕ ನಿಂತಿದ್ದವು, ಅವುಗಳೊಳಗೆ ಮಡಿಸಿಟ್ಟ ಕಾಲುಚೀಲ.

ಅವಳು ಚೀಲವನ್ನು ಬಾಗಿಲಲ್ಲೇ ಬಿಟ್ಟಳು. ಕುಂಟುತ್ತ ಅಂಚಿಗೆ ಬಂದಳು.

ಅವನು ಕೊಳದ ನಡುವೆ ಕುತ್ತಿಗೆಯವರೆಗಿನ ನೀರಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದ. ಸುತ್ತ ನೀರು ಕನ್ನಡಿಯಂತೆ ಅಲುಗದೆ ಇತ್ತು. ಉಸಿರಾಡುತ್ತಿದ್ದಾನೋ ಇಲ್ಲವೋ ತಿಳಿಯದು. ಬಟ್ಟೆ ಬದಲಿಸುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಉಟ್ಟ ಬಟ್ಟೆಯಲ್ಲೇ ಸರಳು ಹಿಡಿದು ಇಳಿದಳು.

"ರೀ! ರೀ, ಕಣ್ಣು ಬಿಡ್ರೀ!"

ಅವನು ಕಣ್ಣು ಬಿಟ್ಟ. ರೆಪ್ಪೆಗಳಲ್ಲಿ ಹನಿಗಳಿದ್ದವು.

"ನೀವು ಬರಲಿಲ್ಲ," ಎಂದ. "ನೀರು ಸುಮ್ನಾಗಿಹೋಯ್ತು. ದಿನಾ ನೋಡ್ತಿದ್ದೆ, ಒಂದು ಅಲೆ ಇಲ್ಲ. ಆಗ ಗೊತ್ತಾಯ್ತು, ನಾನು ನೋಡ್ತಿರೋದು ನೀರನ್ನಲ್ಲ, ಬಾಗಿಲನ್ನ ಅಂತ. ನೀವು ಕೇಳಿದ್ದಕ್ಕೆ ಉತ್ತರ ಹೇಳೋಕೆ ಇಲ್ಲಿಗೇ ಇಳೀಬೇಕು ಅನ್ನಿಸ್ತು. ನಾನು ಕಾಯ್ತಿದ್ದದ್ದು ನಿಮ್ಮನ್ನೇ."

"ದಡದಲ್ಲಿ ನಿಂತೇ ಹೇಳಬಹುದಿತ್ತಲ್ಲ?"

"ದಡದಲ್ಲಿ ನಿಂತು ಹೇಳಿದ್ರೆ ನೀವು ನಂಬ್ತಿದ್ರಾ?"

ಅವಳು ನಕ್ಕಳು. ನಗು ಅಳುವಾಗುವ ಮುಂಚೆ ಅವನ ಬಲಗೈ ಹಿಡಿದಳು. ಮೊದಲ ಸಲ ಅವನ ಕೈ ತಣ್ಣಗಿರಲಿಲ್ಲ.

"ಬಾತುಕೋಳಿ ಥರ ನಡೀಬೇಡಿ," ಎಂದಳು. "ಹಿಮ್ಮಡಿ ಮೊದಲು."

ಅಂದಿನಿಂದ ಅವಳ ಹೊತ್ತಿನಲ್ಲಿ ಫಿಸಿಯೋ ಮೇಡಂ ಇನ್ನೊಬ್ಬ ಲೈಫ್‌ಗಾರ್ಡನನ್ನು ಕುರ್ಚಿಗೆ ಹಾಕಿದರು. ಇವನ ಭುಜಕ್ಕೂ ನೀರಿನ ವ್ಯಾಯಾಮ ಬರೆದುಕೊಟ್ಟರು. ಇಬ್ಬರೂ ಅಕ್ಕಪಕ್ಕ ನಡೆದರು. ಅವಳ ಮೊಣಕಾಲ ಕೆಳಗೆ ಒಮ್ಮೊಮ್ಮೆ, ಅವನ ಭುಜದ ಅಡಿಯಲ್ಲಿ ಒಮ್ಮೊಮ್ಮೆ ಆ ಬಿಸಿ ಬಂದು ಹೋಗುತ್ತಿತ್ತು. ಬಂದಾಗ ಅವರು ಮಾತು ನಿಲ್ಲಿಸುತ್ತಿದ್ದರು, ಹಿರಿಯರೊಬ್ಬರು ಕೋಣೆಗೆ ಬಂದಂತೆ.

ಮದುವೆಯ ಮಾತನ್ನು ಅವನೇ ಎತ್ತಿದ, ಹಿಂದಕ್ಕೆ ನಡೆಯುತ್ತ, ಅವಳ ಮುಖ ನೋಡುತ್ತ. ಅವಳು ಒಪ್ಪಿಗೆ ಹೇಳುವಷ್ಟರಲ್ಲಿ ಗೋಡೆಗೆ ಬೆನ್ನು ಬಡಿದುಕೊಂಡ. ಅವಳ ನಗು ಚಾವಣಿಯವರೆಗೆ ಹೋಯಿತು. ಆ ನಗುವಿನ ನಡುವೆಯೇ ಬಾಗಿಲ ಆವಿಗಟ್ಟಿದ ಗಾಜಿನಾಚೆ ಒಂದು ನೆರಳು ಕಾಣಿಸಿ, ಫಿಸಿಯೋ ಮೇಡಂ ಒಳಗೆ ಬಂದರು.

"ಕಂಡಕ್ಟ್ರೇ, ಹೋದ ವಾರದ ನಿಮ್ಮ ಮೆಡಿಕಲ್ ಪರೀಕ್ಷೆ ರಿಸಲ್ಟ್ ಬಂತು. ಪಾಸು. ಬಸ್ ಹತ್ತಬಹುದು. ಆದ್ರೆ ವಾರಕ್ಕೆರಡು ಸಲ ನೀರು ತಪ್ಪಿಸ್ಬೇಡಿ." ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೀರಿನ ಕಡೆ ನೋಡಿದರು. "ಇದೇನು, ಇಬ್ಬರೇ ಇದ್ದೀರಿ? ಗಾಜಿನಿಂದ ನೋಡಿದಾಗ ಮೂರು ತಲೆ ಕಂಡ್ವಲ್ಲ. ಇನ್ನೊಬ್ಬರು ಎಲ್ಲಿ?"

ಕುರ್ಚಿಯ ಮೇಲಿದ್ದ ಹೊಸ ಲೈಫ್‌ಗಾರ್ಡ್ ತಾನು ಇಬ್ಬರನ್ನೇ ನೋಡಿದ್ದೆಂದ. ಪಂಪಿನ ನರಳಿಕೆ ನಿಂತುಹೋಗಿತ್ತು. ಅವಳ ಮೊಣಕಾಲ ಕೆಳಗಿದ್ದ ಬಿಸಿ ಒಂದೊಂದೇ ಬೆರಳಾಗಿ ಸಡಿಲವಾಗಿ ಬಿಟ್ಟುಹೋಯಿತು. ಸಣ್ಣದೊಂದು ಅಲೆ ಅವರಿಬ್ಬರಿಂದ ದೂರಕ್ಕೆ, ಆಳದ ತುದಿಯ ಕಡೆಗೆ ನಿಧಾನವಾಗಿ ಸಾಗಿತು. ಅವಳ ಪಕ್ಕದಲ್ಲಿದ್ದವನೂ ಅದನ್ನು ನೋಡುತ್ತಿದ್ದ. ಅವಳು ಬೆರಳುಗಳನ್ನು ಅವನ ಬೆರಳುಗಳಲ್ಲಿ ಹೆಣೆದು ಬಿಗಿಹಿಡಿದಳು. ಕಾಲು ಅವಳ ಭಾರವನ್ನು ಹೊತ್ತು ನೆಟ್ಟಗೆ ನಿಂತಿತ್ತು.

"ಅವರ ಸ್ಟಾಪ್ ಬಂತು ಮೇಡಂ," ಎಂದಳು. "ಇಳ್ಕೊಂಡ್ರು."